ಕಾರವಾರದಿಂದ ಭಟ್ಕಳದವರೆಗೆ: ಅಳಿವೆಯ ಊರುಗಳನ್ನೂ ಕಲ್ಲುದಂಡೆಗಳನ್ನೂ ನೋಡುವ ಕ್ರಮ

ಉತ್ತರ ಕನ್ನಡದ ಕರಾವಳಿಗೆ ಹೊರಡುವವರು ಸಾಮಾನ್ಯವಾಗಿ ಮನೆಯಲ್ಲೇ ಒಂದು ಪಟ್ಟಿ ಮಾಡಿಕೊಂಡಿರುತ್ತಾರೆ: ಗೋಕರ್ಣದ ಓಂ ಬೀಚು, ಮಿರ್ಜಾನ್ ಕೋಟೆ, ಮುರ್ಡೇಶ್ವರದ ಶಿವ, ಹೊತ್ತು ಉಳಿದರೆ ಕಾರವಾರ. ಎರಡು ದಿನದಲ್ಲಿ ಪಟ್ಟಿ ಮುಗಿಯುತ್ತದೆ, ಫೋಟೋಗಳೂ ಸಿಗುತ್ತವೆ. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ನಿಧಾನವಾಗಿ ಬಂದರಿಗೆ ಹೋದವರಿಗೆ ತೊಳೆದು ಕವುಚಿಟ್ಟ ಬುಟ್ಟಿಗಳ ಹೊರತು ಹೆಚ್ಚೇನೂ ಕಾಣುವುದಿಲ್ಲ. ನೀರಿನ ಹೊತ್ತು ನೋಡದೆ ಬಂಡೆಗಳ ಮೇಲೆ ನಡೆಯಲು ಹೊರಟವರಿಗೆ ಕೆಲವೊಮ್ಮೆ ಬಂಡೆಗಳೇ ಕಾಣುವುದಿಲ್ಲ. ಈ ಕರಾವಳಿಯಲ್ಲಿ ದಿನದ ಲೆಕ್ಕವನ್ನು ಉಬ್ಬರ-ಇಳಿತವೂ ಬಲೆಯೂ ಸೇರಿ ಇಡುತ್ತವೆ. ಮೊದಲು ಆ ಲೆಕ್ಕವನ್ನು ತಿಳಿದುಕೊಂಡು, ನೋಡಬೇಕಾದ ಜಾಗಗಳನ್ನು ಆಮೇಲೆ ಅದಕ್ಕೆ ಹೊಂದಿಸಿಕೊಳ್ಳುವ ಕ್ರಮವನ್ನು ಇಲ್ಲಿ ಒಂದೊಂದಾಗಿ ವಿವರಿಸುತ್ತೇನೆ.

ಕಾರವಾರದಿಂದ ಭಟ್ಕಳದವರೆಗಿನ ದಾರಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 130 ಕಿ.ಮೀ. ಪಶ್ಚಿಮ ಘಟ್ಟ ಇಲ್ಲಿ ಸಮುದ್ರಕ್ಕೆ ತೀರ ಹತ್ತಿರ ಬಂದಿರುವುದರಿಂದ, ಬೆಟ್ಟಸಾಲಿನ ಚಾಚುಗಳು ಅಲ್ಲಲ್ಲಿ ನೇರವಾಗಿ ನೀರಿಗೆ ಇಳಿದು ಕಲ್ಲಿನ ಮೂಗುಗಳಾಗಿ ನಿಂತಿವೆ. ಎರಡು ಮೂಗುಗಳ ನಡುವೆ ಬಿಲ್ಲಿನಂತೆ ಬಾಗಿದ ಮರಳಿನ ದಡ ಇರುತ್ತದೆ, ಅದಕ್ಕೆ ಇಲ್ಲಿ ಬೇಲೆ ಎನ್ನುತ್ತಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೊಳೆಗಳು ಇದೇ ಸಾಲನ್ನು ಸೀಳಿಕೊಂಡು ಸಮುದ್ರ ಸೇರುತ್ತವೆ, ಸೇರುವ ಜಾಗಕ್ಕೆ ಇಲ್ಲಿನವರು ಅಳಿವೆ ಎನ್ನುತ್ತಾರೆ. ದೋಣಿಗಳಿಗೆ ಗಾಳಿ-ಅಲೆಗಳಿಂದ ಮರೆ ಬೇಕಾದ್ದರಿಂದ ಮೀನುಗಾರರ ದೊಡ್ಡ ಊರುಗಳು ಹೆಚ್ಚಾಗಿ ಅಳಿವೆಯ ಒಳಮೈಯಲ್ಲೋ ಗುಡ್ಡದ ಮಗ್ಗುಲಲ್ಲೋ ಹುಟ್ಟಿಕೊಂಡಿವೆ. ಗುಡ್ಡ, ಬೇಲೆ, ಅಳಿವೆ ಎಂಬ ಈ ಸರಣಿ ಒಮ್ಮೆ ಮನಸ್ಸಿಗೆ ಬಂದರೆ ನಕ್ಷೆಯಿಲ್ಲದೆಯೂ ಅರ್ಧ ದಾರಿ ಗೊತ್ತಾಗುತ್ತದೆ.

1. ಮೊದಲು ತಿಂಗಳನ್ನು ಆರಿಸಿಕೊಳ್ಳಿ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನುಗಳು ಮೊಟ್ಟೆಯಿಡುವ ಕಾಲವೆಂಬುದೂ ಸಮುದ್ರ ಕೆರಳಿರುತ್ತದೆಂಬುದೂ ಇದಕ್ಕೆ ಕಾರಣಗಳು. ಆಗ ಬಲೆಯನ್ನು ನೀರಿನಡಿ ಎಳೆದೊಯ್ಯುವ ಟ್ರಾಲ್ ದೋಣಿಗಳೂ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳೂ ಬಂದರಿನಲ್ಲಿ ಸಾಲಾಗಿ ಕಟ್ಟಿಕೊಂಡಿರುತ್ತವೆ. ನಾಡದೋಣಿಯವರು ಮಾತ್ರ ಹವೆ ನೋಡಿಕೊಂಡು ದಡದ ಸಮೀಪ ಬಲೆ ಬಿಡುತ್ತಾರೆ. ಬಂದರಿನ ಗದ್ದಲ ನೋಡಬೇಕೆಂದು ಜುಲೈಯಲ್ಲಿ ಹೋದವರಿಗೆ ನಿರಾಸೆ ಖಚಿತ, ಆದರೆ ಮಡಿಲಲ್ಲಿ ಬಲೆ ಹಾಕಿಕೊಂಡು ಹರಿದ ಕಣ್ಣುಗಳನ್ನು ಹೊಲಿಯುವವರ ಜೊತೆ ಕುಳಿತು ಮಾತಾಡಲು ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ನೂಲುಹುಣ್ಣಿಮೆಯ ಹೊತ್ತಿಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುವ ಪದ್ಧತಿ ಅನೇಕ ಊರುಗಳಲ್ಲಿದೆ.

ಮಳೆಗಾಲದಲ್ಲಿ ಹೋಗುವವರು ರಸ್ತೆಯ ವಿಷಯವನ್ನೂ ಯೋಚಿಸಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಅದರ ಪಕ್ಕದ ಚಹಾದ ಅಂಗಡಿಯೂ ಮಣ್ಣಿನಡಿ ಹೋದವು, ಜೀವಗಳೂ ಹೋದವು; ಅದೇ ವರ್ಷ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ಹೊಳೆಯ ಹಳೆಯ ಸೇತುವೆ ಮುರಿದು ಬಿತ್ತು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಜಿಲ್ಲಾಡಳಿತದ ಸೂಚನೆಗಳನ್ನು ಪ್ರತಿದಿನ ನೋಡಿಕೊಳ್ಳಬೇಕು, ಗುಡ್ಡ ಕಡಿದ ಜಾಗಗಳಲ್ಲಿ ವಾಹನ ನಿಲ್ಲಿಸಬಾರದು, ಮತ್ತು ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿರಬೇಕು.

ನನ್ನ ಆಯ್ಕೆ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗಿನ ಕಾಲ. ನೀರು ತಿಳಿಯಾಗಿರುತ್ತದೆ, ಬೆಳಗಿನ ಗಾಳಿ ತಣ್ಣಗಿರುತ್ತದೆ, ಗುಡ್ಡದ ಹುಲ್ಲು ಒಣಗಿ ಕಾಲುದಾರಿ ಸ್ಪಷ್ಟವಾಗಿ ಕಾಣುತ್ತದೆ, ರಾತ್ರಿ ಯಾವುದಾದರೂ ಬಯಲಿನಲ್ಲಿ ಯಕ್ಷಗಾನದ ಚಂಡೆ ಕೇಳಿಸುತ್ತದೆ. ಡಿಸೆಂಬರಿನ ಕೊನೆಯ ವಾರವನ್ನು ಮಾತ್ರ ಬಿಟ್ಟುಬಿಡಿ. ಆಗ ಗೋಕರ್ಣದಲ್ಲಿ ಮರಳಿಗಿಂತ ಜನ ಹೆಚ್ಚು. ಏಪ್ರಿಲ್-ಮೇ ತಿಂಗಳ ಬೆವರನ್ನು ಸಹಿಸಬಲ್ಲವರಿಗೆ ಎರಡು ಪ್ರತಿಫಲಗಳಿವೆ: ಒಂದು ಅಂಕೋಲೆಯ ಕರಿ ಈಶಾಡ ಮಾವು, ಇನ್ನೊಂದು ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಬಿಳಿ ಗುಡ್ಡೆಗಳು ಏಳುವ ನೋಟ.

2. ಉಬ್ಬರ-ಇಳಿತದ ಹೊತ್ತನ್ನು ಬರೆದುಕೊಳ್ಳಿ

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಚೀಚೆ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ದೊಡ್ಡ ದಿನಗಳಲ್ಲಿ ನೀರಿನ ಮಟ್ಟದ ವ್ಯತ್ಯಾಸ ಸುಮಾರು ಎರಡು ಮೀಟರಿನವರೆಗೂ ಹೋಗಬಹುದು. ಎರಡು ಮೀಟರ್ ಎಂದರೆ ಒಬ್ಬ ಎತ್ತರದ ಮನುಷ್ಯನ ತಲೆಗಿಂತ ಮೇಲೆ. ಕಾರವಾರ ಬಂದರಿನ ಉಬ್ಬರ-ಇಳಿತದ ಕೋಷ್ಟಕ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಎತ್ತರದ ಅಲೆಗಳ ಎಚ್ಚರಿಕೆಯನ್ನು ಹೈದರಾಬಾದಿನ ಇನ್ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಪ್ರಕಟಿಸುತ್ತದೆ. ನೀವು ಇರಲಿರುವ ಪ್ರತಿದಿನದ ಇಳಿತದ ಎರಡು ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಏಕೆಂದರೆ ಗುಡ್ಡದ ಮರೆಯ ಬೇಲೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತದೆಂಬ ಭರವಸೆಯಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ದಡ್ಡತನ ಕಾರಣ. ಕೆಲವು ವರ್ಷಗಳ ಹಿಂದೆ ಒಂದು ದಿನ ನಾನೂ ನನ್ನ ಭಾವನೂ ಮಧ್ಯಾಹ್ನ ಊಟ ಮಾಡಿ ಓಂ ಬೀಚಿನಿಂದ ದಕ್ಷಿಣಕ್ಕೆ ಹೊರಟೆವು. ಹೋಗುವಾಗ ಹಾಫ್ ಮೂನ್ ಬೀಚು ದಾಟಿದ ಮೇಲಿನ ಬಂಡೆಗಳೆಲ್ಲ ಒಣಗಿದ್ದವು, ಏಡಿಗಳು ಬಿಸಿಲು ಕಾಯುತ್ತಿದ್ದವು. ಪ್ಯಾರಡೈಸ್ ಬೀಚಿನಲ್ಲಿ ಹೊತ್ತು ಕಳೆದು ಮರಳುವಷ್ಟರಲ್ಲಿ ಅದೇ ಬಂಡೆಗಳ ಮೇಲೆ ಅಲೆ ಒಡೆಯುತ್ತಿತ್ತು. ಎರಡು ಅಲೆಗಳ ನಡುವೆ ಓಡಿ ದಾಟಬಹುದೆಂದು ಭಾವ ಲೆಕ್ಕ ಹಾಕುತ್ತಿದ್ದಾಗ, ಮೇಲೆ ಗುಡ್ಡದಲ್ಲಿ ಗಾಳ ಹಿಡಿದು ಕುಳಿತಿದ್ದ ಒಬ್ಬ ಮುದುಕರು, “ತಮಾ, ನೀರು ಏರ್ತಾ ಅದೆ, ಮೇಲೆ ಬಾ” ಎಂದು ಕೂಗಿದರು. ಅವರು ತೋರಿಸಿದ ಮುಳ್ಳುಗಂಟಿಯ ದಾರಿಯಲ್ಲಿ ಮೊಣಕಾಲು ತರಚಿಕೊಂಡು ಹತ್ತಿ ಬಂದೆವು. ಕೆಳಗೆ ನೋಡಿದಾಗ ನಾವು ಓಡಿ ದಾಟಬೇಕೆಂದಿದ್ದ ಜಾಗದಲ್ಲಿ ನೊರೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಂದಿನಿಂದ ಚೀಟಿ ತಪ್ಪಿಸಿಲ್ಲ.

ಬಂಡೆಗಳ ಮೇಲಿನ ನಡಿಗೆಯನ್ನು ಇಳಿತದ ಹೊತ್ತಿಗೆ ಎರಡು ಗಂಟೆ ಮೊದಲು ಆರಂಭಿಸಿ, ಇಳಿತ ಮುಗಿದ ಒಂದು ಗಂಟೆಯೊಳಗೆ ಕಷ್ಟದ ಭಾಗವನ್ನು ದಾಟಿರುವಂತೆ ನೋಡಿಕೊಳ್ಳುವುದು ಸುರಕ್ಷಿತ ನಿಯಮ.

3. ತಲುಪುವ ದಾರಿ ಮತ್ತು ತಂಗುವ ಊರು

ಘಟ್ಟದ ಮೇಲಿನಿಂದ ಬರುವವರಿಗೆ ಮೂರು ಮುಖ್ಯ ದಾರಿಗಳಿವೆ: ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲಾಕ್ಕೆ, ಶಿರಸಿಯಿಂದ ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ, ಸಾಗರದಿಂದ ಗೇರುಸೊಪ್ಪೆಯ ಮೂಲಕ ಹೊನ್ನಾವರಕ್ಕೆ. ಆದರೆ ರೈಲು ಇವೆಲ್ಲಕ್ಕಿಂತ ಹಿತ. ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದ ಮೇಲೆ ಈ ಊರುಗಳು ಬೆಂಗಳೂರಿಗೂ ಮುಂಬಯಿಗೂ ಹತ್ತಿರವಾದವು. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಕರಾವಳಿಗುಂಟ ಸಾಗಿ ಕಾರವಾರ ತಲುಪುತ್ತದೆ. ಮಂಗಳೂರಿನಿಂದ ಮುಂಬಯಿಗೆ ಹೋಗುವ ಗಾಡಿಗೆ ಯಾರೋ ಮತ್ಸ್ಯಗಂಧಾ ಎಂದು ಹೆಸರಿಟ್ಟಿದ್ದಾರೆ, ಒಣಮೀನಿನ ಚೀಲದ ಪಕ್ಕ ಕುಳಿತು ಪ್ರಯಾಣ ಮಾಡಿದವರಿಗೆ ಆ ಹೆಸರಿನ ಔಚಿತ್ಯ ಚೆನ್ನಾಗಿ ಗೊತ್ತು. ನಿಲ್ದಾಣಗಳು ಊರಿನಿಂದ ತುಸು ದೂರದಲ್ಲಿರುತ್ತವೆ ಎಂಬುದನ್ನು ನೆನಪಿಡಿ: ಗೋಕರ್ಣ ರೋಡ್ ನಿಲ್ದಾಣದಿಂದ ಗೋಕರ್ಣಕ್ಕೆ ಸುಮಾರು ಒಂಬತ್ತು-ಹತ್ತು ಕಿ.ಮೀ. ಆಗುತ್ತದೆ.

ಊರಿಂದ ಊರಿಗೆ ಸಾರಿಗೆ ಬಸ್ಸುಗಳೂ ಟೆಂಪೋಗಳೂ ಓಡಾಡುತ್ತವೆ. ಸ್ವಂತ ಕಾರು ಇಲ್ಲಿ ಅಗತ್ಯವಲ್ಲ, ಕೆಲವು ಜಾಗಗಳಲ್ಲಿ ಅದು ಹೊರೆಯೂ ಹೌದು. ಏಕೆಂದರೆ ಒಂದು ಬೇಲೆಯಿಂದ ನಡೆದು ಇನ್ನೊಂದರಲ್ಲಿ ಇಳಿದವರು ಕಾರಿಗಾಗಿಯೇ ಹಿಂದಕ್ಕೆ ಹೋಗಬೇಕಾಗುತ್ತದೆ. ತಂಗಲು ಎಲ್ಲರೂ ಗೋಕರ್ಣವನ್ನು ಹಿಡಿಯುತ್ತಾರೆ. ಮೊದಲ ಎರಡು ರಾತ್ರಿ ಕುಮಟಾದಲ್ಲಿ, ಕೊನೆಯ ಒಂದೆರಡು ರಾತ್ರಿ ಗೋಕರ್ಣದಲ್ಲಿ ಇರುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಕುಮಟಾ ಪ್ರವಾಸಿಗರಿಗಾಗಿ ಬದುಕುವ ಊರಲ್ಲ, ಆದ್ದರಿಂದ ಅಲ್ಲಿ ಊಟವೂ ಕೋಣೆಯೂ ನ್ಯಾಯವಾದ ಬೆಲೆಗೆ ಸಿಗುತ್ತವೆ.

4. ಒಂದು ಬೆಳಗನ್ನು ಪೂರ್ತಿಯಾಗಿ ಬಂದರಿಗೆ ಕೊಡಿ

ಬಂದರುಗಳು ಹಲವಿವೆ: ಕಾರವಾರದ ಬೈತಖೋಲ, ಅಂಕೋಲೆಯ ಬೇಲೇಕೇರಿ, ಅಘನಾಶಿನಿಯ ಅಳಿವೆಯಲ್ಲಿ ತದಡಿ, ಶರಾವತಿಯ ಅಳಿವೆಯಲ್ಲಿ ಹೊನ್ನಾವರ-ಕಾಸರಕೋಡು, ಭಟ್ಕಳದ ಕಡೆ ಮಾವಿನಕುರ್ವೆ ಮತ್ತು ತೆಂಗಿನಗುಂಡಿ. ಇವುಗಳಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ತದಡಿಯನ್ನು ಆರಿಸಿಕೊಳ್ಳಿ. ಬಂದರು, ಅಳಿವೆ, ತಾರಿ (ಹೊಳೆ ದಾಟಿಸುವ ದೋಣಿ), ಗಜನಿ (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ) ಎಲ್ಲವೂ ಅಲ್ಲಿ ಕಾಲ್ನಡಿಗೆಯ ಅಂತರದಲ್ಲಿವೆ.

ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು. ದಿನವಹಿ ಹೋಗಿ ಬರುವ ದೋಣಿಗಳಿರುತ್ತವೆ, ವಾರಗಟ್ಟಲೆ ಹೊರಗುಳಿದು ಐಸಿನಲ್ಲಿ ಮೀನು ತುಂಬಿಕೊಂಡು ಬರುವವೂ ಇರುತ್ತವೆ. ದೋಣಿ ಧಕ್ಕೆಗೆ ತಾಗಿದ ಕೂಡಲೇ ಕೈಯಿಂದ ಕೈಗೆ ಬುಟ್ಟಿಗಳು ಮೇಲೇರುತ್ತವೆ, ನೆಲದ ಮೇಲೆ ಮೀನನ್ನು ಸುರಿದು ಜಾತಿವಾರು ರಾಶಿ ಮಾಡುತ್ತಾರೆ. ಹರಾಜು ಕೂಗುವವನು ಒಂದು ರಾಶಿಯ ಮುಂದೆ ನಿಂತರೆ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಕೊಳ್ಳುವವರಲ್ಲಿ ಕೆಲವರು ಬಾಯಿಯನ್ನೇ ತೆರೆಯುವುದಿಲ್ಲ. ಗಲ್ಲ ಎತ್ತಿದರೆ, ಹುಬ್ಬು ಹಾರಿಸಿದರೆ, ಕೂಗುವವನಿಗೆ ಅಷ್ಟೇ ಸಾಕು. ಒಮ್ಮೆ ನಾನು ನೊಣ ಓಡಿಸಲು ಕೈ ಎತ್ತಿ, ಒಂದು ರಾಶಿ ತಾರ್ಲೆ ಮೀನಿನ ಒಡೆಯನಾಗುವುದರಿಂದ ಸ್ವಲ್ಪದರಲ್ಲೇ ಪಾರಾದೆ. ಹರಾಜು ಮುಗಿದ ರಾಶಿಯ ಮೇಲೆ ಪುಡಿ ಐಸು ಬೀಳುತ್ತದೆ, ಅದು ಲಾರಿಗೋ ರಿಕ್ಷಾಕ್ಕೋ ಏರುತ್ತದೆ. ಒಂದು ಮೂಲೆಯಲ್ಲಿ ಹೆಂಗಸರು ಗುಂಪಾಗಿ ಕುಳಿತು ಬಲೆಗೆ ಬಿದ್ದ ಕಸಮೀನಿನ ನಡುವಿನಿಂದ ಸಣ್ಣ ಶೆಟ್ಲಿಗಳನ್ನು, ಅಂದರೆ ಸಿಗಡಿಗಳನ್ನು, ಹೆಕ್ಕುತ್ತಿರುತ್ತಾರೆ. ಅವರ ಬೆರಳುಗಳ ವೇಗವನ್ನು ಕಣ್ಣು ಹಿಂಬಾಲಿಸಲಾರದು. ಮೇಲೆ ಗರುಡಗಳು, ಕೆಳಗೆ ಬೆಳ್ಳಕ್ಕಿ, ಬೆಕ್ಕು, ನಾಯಿ, ಎಲ್ಲಕ್ಕೂ ಅಲ್ಲಿ ಪಾಲುಂಟು.

ಇಲ್ಲಿ ಪಾಲಿಸಬೇಕಾದ ಮರ್ಯಾದೆಗಳು ಕೆಲವು. ಹರಾಜಿನ ದಾರಿಗೆ ಅಡ್ಡ ನಿಲ್ಲಬೇಡಿ. ತಲೆಯ ಮೇಲೆ ಬುಟ್ಟಿ ಹೊತ್ತವರಿಗೆ ನಿಂತು ದಾರಿ ಕೊಡಿ. ಹರವಿದ ಬಲೆಯನ್ನು ತುಳಿಯಬಾರದು, ಚಪ್ಪಲಿ ಹಾಕಿಕೊಂಡು ದೋಣಿ ಹತ್ತಬಾರದು. ಫೋಟೋ ತೆಗೆಯುವ ಮೊದಲು ಕೇಳಿ, “ಅಕ್ಕಾ, ಒಂದು ಫೋಟೋ ತೆಗೀಲಾ?” ಎಂದರೆ ಹತ್ತರಲ್ಲಿ ಎಂಟು ಜನ ನಗುತ್ತಾ ಒಪ್ಪುತ್ತಾರೆ, ಉಳಿದಿಬ್ಬರ ಬೇಡವನ್ನು ಒಪ್ಪಿಕೊಳ್ಳುವುದು ನಮ್ಮ ಸರದಿ. ಜಾರದ ಅಟ್ಟೆಯ, ನೆನೆದರೂ ಚಿಂತೆಯಿಲ್ಲದ ಪಾದರಕ್ಷೆ ಧರಿಸಿ. ಕಾರವಾರದ ಬೈತಖೋಲದಿಂದ ದಕ್ಷಿಣಕ್ಕೆ ಅರ್ಗಾದ ಸುತ್ತಮುತ್ತ 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ ಇರುವುದರಿಂದ ಅಲ್ಲಿ ಕ್ಯಾಮೆರಾ ಹೊರತೆಗೆಯಲೇಬೇಡಿ.

ತದಡಿಯಲ್ಲಿ ಬಿಸಿಲು ಏರಿದ ಮೇಲೆ ಅಳಿವೆಯ ಕಡೆ ತಿರುಗಿ. ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟು ಇಲ್ಲ. ಅದರ ಅಳಿವೆಯನ್ನು 2024ರ ಜನವರಿ ಕೊನೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ, ಪಟ್ಟಿಗೆ ಸೇರಿಸಿದ ವಿಷಯ ಪ್ರಕಟವಾಯಿತು. ಇಳಿತದ ಹೊತ್ತಿಗೆ ಅಲ್ಲಿ ಹೆಂಗಸರು ಗಂಡಸರು ಸೊಂಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವುದನ್ನು ಕಾಣಬಹುದು. ಕಣ್ಣಿಗೆ ಕಾಣದ ಕೆಸರಿನಲ್ಲಿ ಪಾದದಿಂದ ತಡವಿ, ಚಿಪ್ಪು ತಾಗಿದೊಡನೆ ಬಗ್ಗಿಯೋ ಮುಳುಗಿಯೋ ಎತ್ತಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ನೀರು ಏರಲು ಶುರುವಾದರೆ ಅವರ ದಿನದ ಕೆಲಸ ಮುಗಿಯಿತು. ದಡದ ಗಜನಿಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ.

5. ಕುಮಟಾದಿಂದ ಗೋಕರ್ಣಕ್ಕೆ ನಡೆಯಿರಿ

ಇಡೀ ಪ್ರವಾಸದಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಬೇಕೆಂದರೆ ನಾನು ಈ ನಡಿಗೆಯನ್ನು ಉಳಿಸಿಕೊಳ್ಳುತ್ತೇನೆ. ಸುತ್ತು-ಬಳಸು ಸೇರಿ 25 ಕಿ.ಮೀ. ಆಸುಪಾಸು, ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ, ಆದರೆ ಎರಡು ದಿನಕ್ಕೆ ಹಂಚಿಕೊಳ್ಳುವುದು ವಿವೇಕ.

ಮೊದಲ ದಿನ ಕುಮಟಾದ ವನ್ನಳ್ಳಿಯಿಂದ ಬೆಳಿಗ್ಗೆ ಬೇಗ ಹೊರಡಿ. ಅಲ್ಲಿಂದ ಉತ್ತರಕ್ಕೆ ಕಡ್ಲೆ, ಆಮೇಲೆ ಬಾಡ, ಕೊನೆಗೆ ಅಘನಾಶಿನಿ ಗ್ರಾಮ. ಪ್ರತಿ ಬೇಲೆಯ ಕೊನೆಗೂ ಒಂದು ಗುಡ್ಡ ಎದುರಾಗುತ್ತದೆ. ಗುಡ್ಡದ ಬುಡದ ಬಂಡೆಗಳ ಮೇಲಿಂದ ಹೋಗುವುದೋ, ನೆತ್ತಿಯ ಕಾಲುದಾರಿಯಲ್ಲಿ ಹೋಗುವುದೋ ಎಂಬ ನಿರ್ಧಾರವನ್ನು ಜೇಬಿನ ಚೀಟಿ ಮಾಡಬೇಕು. ಸಂದೇಹ ಬಂದರೆ ಯಾವಾಗಲೂ ನೆತ್ತಿಯ ದಾರಿಯೇ ಸರಿ. ನೆತ್ತಿ ಜಂಬಿಟ್ಟಿಗೆಯ ಬಯಲು, ಮಧ್ಯಾಹ್ನ ಕಾವಲಿಯಂತೆ ಕಾಯುತ್ತದೆ, ನೆರಳಿರುವುದಿಲ್ಲ. ತಲಾ ಮೂರು ಲೀಟರ್ ನೀರು, ತಲೆಗೆ ಬಟ್ಟೆ, ಒಂದು ಹಿಡಿ ಬೆಲ್ಲ, ಇಷ್ಟು ಇರಲೇಬೇಕು. ಬಂಡೆಗಳಿಗೆ ಅಂಟಿಕೊಂಡ ಚಿಪ್ಪುಗಳು ಬ್ಲೇಡಿನಷ್ಟು ಹರಿತವಾಗಿರುವುದರಿಂದ ಬರಿಗಾಲಿನಲ್ಲಿ ಹತ್ತಬೇಡಿ. ಹಸಿರು ಪಾಚಿಯ ಕಲ್ಲನ್ನು ಪೂರ್ತಿಯಾಗಿ ಬಿಟ್ಟು, ಕಪ್ಪಗೆ ಒಣಗಿದ ಕಲ್ಲಿನ ಮೇಲೆ ಕಾಲಿಡಿ. ಬೆಳಗಿನ ಹೊತ್ತು ಈ ಬೇಲೆಗಳಲ್ಲಿ ಕೈರಂಪಣಿ ಎಂಬ ಬಲೆಯನ್ನು ದಡಕ್ಕೆ ಎಳೆಯುವವರು ಸಿಕ್ಕರೆ ನಿಲ್ಲಿ. ಬಲೆಯ ಎರಡು ತುದಿಗಳನ್ನು ಎರಡು ಸಾಲು ಜನ ಹಿಡಿದು, ಹಿಂದಕ್ಕೆ ವಾಲಿ, ಒಂದೇ ಲಯದಲ್ಲಿ ಹೆಜ್ಜೆ ಇಡುತ್ತಾರೆ. ಕೈಜೋಡಿಸುತ್ತೇನೆಂದರೆ ಬೇಡವೆನ್ನುವವರು ಕಡಿಮೆ. ಹಗ್ಗ ಅಂಗೈಯನ್ನು ಸುಲಿಯುತ್ತದೆ ಎಂಬುದು ಮಾತ್ರ ಆಮೇಲೆ ಗೊತ್ತಾಗುತ್ತದೆ.

ಅಘನಾಶಿನಿ ಗ್ರಾಮದಿಂದ ತಾರಿ ಹಿಡಿದು ತದಡಿಗೆ ದಾಟಬೇಕು. ಕೊನೆಯ ತಾರಿ ಎಷ್ಟು ಹೊತ್ತಿಗೆ ಎಂಬುದನ್ನು ಹಿಂದಿನ ದಿನವೇ ಊರವರಲ್ಲಿ ವಿಚಾರಿಸಿಕೊಳ್ಳಿ, ಏಕೆಂದರೆ ಅದು ತಪ್ಪಿದರೆ ಹೆದ್ದಾರಿಯವರೆಗೆ ಹೋಗಿ ದೊಡ್ಡ ಸುತ್ತು ಬಳಸಿ ಬರಬೇಕಾಗುತ್ತದೆ. ದಾಟುವುದು ಕೆಲವೇ ನಿಮಿಷ. ಆದರೂ ಶಾಲೆಯ ಮಕ್ಕಳು, ಮೀನಿನ ಬುಟ್ಟಿ, ಮದುವೆಗೆ ಹೊರಟ ಕುಟುಂಬ ಎಲ್ಲ ಒಂದೇ ಹಲಗೆಯ ಮೇಲೆ ಕುಳಿತಿರುವ ಆ ಕೆಲವು ನಿಮಿಷಗಳಲ್ಲಿ ಊರಿನ ಸುದ್ದಿಯೆಲ್ಲ ಕಿವಿಗೆ ಬೀಳುತ್ತದೆ.

ಎರಡನೆಯ ದಿನ ತದಡಿಯಿಂದ ಬೇಲೆಕಾನಿಗೆ, ಅಲ್ಲಿಂದ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣದ ಮುಖ್ಯ ಬೇಲೆ. ಒಂದೊಂದರ ನಡುವೆಯೂ ಸುಮಾರು ಅರ್ಧ ಗಂಟೆಯ ನಡಿಗೆ. ಪ್ಯಾರಡೈಸ್ ಮತ್ತು ಹಾಫ್ ಮೂನ್ ನಡುವಿನ ಬಂಡೆಗಳೇ ಕಷ್ಟದವು, ನನ್ನ ಮೊಣಕಾಲಿನ ಗುರುತು ಅಲ್ಲಿಯದು. ದಣಿದವರಿಗೆ ಓಂ ಬೀಚಿನವರೆಗೆ ದೋಣಿ ಸಿಗುತ್ತದೆ. ಹತ್ತುವ ಮೊದಲು ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂದು ಎಣಿಸಿ ನೋಡಿ, ಇಲ್ಲದಿದ್ದರೆ ಹತ್ತಬೇಡಿ. ಓಂ ಬೀಚಿನ ಆಕಾರ ಮರಳಿನ ಮೇಲೆ ನಿಂತವರಿಗೆ ಕಾಣುವುದಿಲ್ಲ, ಕುಡ್ಲೆಯ ಕಡೆಗೆ ಹತ್ತುವ ಗುಡ್ಡದಿಂದ ಹಿಂತಿರುಗಿ ನೋಡಿದಾಗ ಕಾಣುತ್ತದೆ. ಕತ್ತಲಾದ ಮೇಲೆ ಈ ದಾರಿಯಲ್ಲಿ ನಡೆಯಬಾರದು. ಡಿಸೆಂಬರಿನಲ್ಲಿ ಆರು ಗಂಟೆಯ ಆಚೀಚೆಗೇ ಸೂರ್ಯ ಮುಳುಗುತ್ತಾನೆ ಎಂಬ ಲೆಕ್ಕವಿರಲಿ. ಗೋಕರ್ಣಕ್ಕೆ ಬಂದವರು ಮಹಾಬಲೇಶ್ವರನ ದರ್ಶನಕ್ಕೆ ಹೋಗುವುದಾದರೆ ಸ್ನಾನ ಮಾಡಿ, ಪಂಚೆ ಉಟ್ಟು ಹೋಗಬೇಕು. ಬೀಚಿನ ಚಡ್ಡಿಗೆ ಅಲ್ಲಿ ಪ್ರವೇಶವಿಲ್ಲ.

6. ಉಳಿದ ಊರುಗಳಿಗೆ ಉಳಿದ ದಿನಗಳು

ಕಾರವಾರಕ್ಕೆ ಒಂದು ದಿನ ಸಾಕು. 1880ರ ದಶಕದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಟಾಗೋರರು ಬಂದು ತಂಗಿದ್ದರು, ಊರಿನ ಬೇಲೆಗೆ ಅವರದೇ ಹೆಸರು. ಅಲ್ಲಿ ಚಾಪಲ್ ಎಂಬ ಯುದ್ಧನೌಕೆಯನ್ನು ಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ, ಮಕ್ಕಳಿದ್ದರೆ ಅದಕ್ಕೆ ಒಂದು ಗಂಟೆ ಕೊಡಿ. ನನಗೆ ಹೆಚ್ಚು ಇಷ್ಟವಾದದ್ದು ಮಾಜಾಳಿಯ ಕಡೆಯ ತಿಳಮಾತಿ; ಎಳ್ಳಿನಂಥ ಕಪ್ಪು ಮರಳಿರುವ ಪುಟ್ಟ ಬೇಲೆ, ಗುಡ್ಡ ಹತ್ತಿಳಿದೇ ಹೋಗಬೇಕು. ಪುಷ್ಯ ಹುಣ್ಣಿಮೆಗೆ ಬಂದರೆ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಜನ ದೋಣಿಗಳಲ್ಲಿ ಹೋಗುವುದನ್ನು ನೋಡಬಹುದು.

ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನು ಮುರಿದರು, ಊರಿಗೆ ಗುಜರಾತಿನ ಸತ್ಯಾಗ್ರಹದ ಊರಿನ ನೆನಪಿನಲ್ಲಿ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಅಂದಿನ ಚಳವಳಿಗಳಿಂದ. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದರೊಡನೆ ಸೇರಿಕೊಂಡಿದೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಹಲಗೆಯ ನಡೆದಾರಿಯಿದೆ, ಹೊಳೆಯಾಚೆ ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನೀರಾಟಕ್ಕೆ ಅದೇ ಸೂಕ್ತ. ಚಳಿಗಾಲದಲ್ಲಿ ಕಾಸರಕೋಡಿನ ಟೊಂಕದ ಕಡೆ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ರಾತ್ರಿ ಅಲ್ಲಿ ಟಾರ್ಚು ಬೀಸಬಾರದು, ಬೇಲಿ ಹಾಕಿದ ಗೂಡುಗಳ ಹತ್ತಿರ ಹೋಗಬಾರದು.

ಮುರ್ಡೇಶ್ವರದ 123 ಅಡಿಯ ಶಿವನನ್ನು ರೈಲಿನಿಂದ ಇಳಿಯುವ ಮೊದಲೇ ಎಲ್ಲರೂ ಚಿತ್ರದಲ್ಲಿ ನೋಡಿರುತ್ತಾರೆ. ಈಜು ಬಲ್ಲವರಿಗೆ ಅಲ್ಲಿನ ನಿಜವಾದ ಆಕರ್ಷಣೆ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸ್ಕೂಬಾ. ಮಳೆಗಾಲದಲ್ಲಿ ಅದು ನಡೆಯುವುದಿಲ್ಲ, ನೀರು ತಿಳಿಯಾಗಿರುವ ಡಿಸೆಂಬರ್-ಜನವರಿಗೆ ಮುಂಗಡ ಹೇಳಿಡಬೇಕು. ಭಟ್ಕಳಕ್ಕೆ ಸಂಜೆ ಹೋಗಿ, ಬಂದರು ನೋಡಿ, ಬಿರಿಯಾನಿ ತಿಂದು ಬನ್ನಿ.

7. ನೀರಿಗೆ ಇಳಿಯುವ ಮೊದಲು

ಗುಡ್ಡಗಳ ನಡುವಿನ ಬೇಲೆಗಳು ನೋಡಲು ಎಷ್ಟು ಶಾಂತವೋ ಒಳಗೆ ಅಷ್ಟು ಮೋಸದವು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲು ಒಂದು ಓಣಿಯನ್ನು ಹುಡುಕಿಕೊಳ್ಳುತ್ತದೆ, ಅನೇಕ ಸಲ ಆ ಓಣಿ ಬಂಡೆಯ ಮಗ್ಗುಲಲ್ಲೇ ಇರುತ್ತದೆ. ಎರಡೂ ಕಡೆ ನೊರೆ ಒಡೆಯುತ್ತಿದ್ದು ನಡುವೆ ಮಾತ್ರ ಕಡುಬಣ್ಣದ ನಯವಾದ ಪಟ್ಟಿ ಕಂಡರೆ, ಹೊಸಬರು ಅದನ್ನೇ ಸುರಕ್ಷಿತ ಜಾಗವೆಂದು ಭಾವಿಸಿ ಇಳಿಯುತ್ತಾರೆ. ಸಮುದ್ರ ಎಳೆದೊಯ್ಯುವುದು ಅಲ್ಲಿಯೇ. ಸಿಕ್ಕಿಕೊಂಡರೆ ದಡದ ಕಡೆಗೆ ಹೊಡೆದಾಡದೆ, ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ಕಡಿಮೆಯಾದ ಮೇಲೆ ಅಲೆಯೊಡನೆ ಹೊರಬರಬೇಕು. ಜೀವರಕ್ಷಕರು ಇಲ್ಲದ ಬೇಲೆಯಲ್ಲಿ ಮೊಣಕಾಲಿಗಿಂತ ಹೆಚ್ಚು ನೀರಿಗೆ ಹೋಗಬೇಡಿ, ಅಳಿವೆಯ ಬಾಯಲ್ಲಂತೂ ಇಳಿಯಲೇಬೇಡಿ. ಸೆಲ್ಫಿಗಾಗಿ ಬಂಡೆಯ ತುದಿಗೆ ಹೋಗಿ ಬೆನ್ನನ್ನು ಸಮುದ್ರಕ್ಕೆ ತಿರುಗಿಸುವವರನ್ನು ಪ್ರತಿ ಸಲವೂ ನೋಡುತ್ತೇನೆ. ಮೀನುಗಾರರ ಮಕ್ಕಳಲ್ಲಿ ಒಬ್ಬರೂ ಹಾಗೆ ನಿಂತದ್ದನ್ನು ನಾನು ಕಂಡಿಲ್ಲ. ಅಳಿವೆಯ ಕೆಸರುಮರಳಿನಲ್ಲಿ ನಡೆಯುವಾಗ ಪಾದ ಎತ್ತಿಡದೆ ನೆಲಕ್ಕೆ ಉಜ್ಜುತ್ತಾ ನಡೆದರೆ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ. ತುಳಿದರೆ ಅದರ ಬಾಲದ ಮುಳ್ಳು ಬಹಳ ನೋಯಿಸುತ್ತದೆ.

8. ಏನು ತಿನ್ನಬೇಕು, ಏನು ಕೊಂಡೊಯ್ಯಬೇಕು

ಮಂಗಳೂರು-ಉಡುಪಿಯ ಹೆಸರುಗಳು ಇಲ್ಲಿ ಬದಲಾಗುತ್ತವೆ: ಅಲ್ಲಿಯ ಬೂತಾಯಿ ಇಲ್ಲಿ ತಾರ್ಲೆ, ಅಂಜಲ್ ಇಲ್ಲಿ ಇಸ್ವಾಣ, ಕಾಣೆ ಇಲ್ಲಿ ನೊಗ್ಲಿ, ಸಿಗಡಿ ಇಲ್ಲಿ ಶೆಟ್ಲಿ. ಊಟದ ಮನೆಗೆ ಹೋಗಿ “ಇವತ್ತು ಯಾವ ಮೀನು ಬಂದದೆ?” ಎಂದು ಕೇಳಿ, ಬಂದದ್ದನ್ನು ತಿನ್ನಿ. ಇಸ್ವಾಣವೇ ಬೇಕೆಂದು ಹಟ ಹಿಡಿದವರಿಗೆ ಐಸಿನಲ್ಲಿದ್ದದ್ದು ಸಿಗುತ್ತದೆ, ತಾರ್ಲೆಗೆ ಒಪ್ಪಿದವರಿಗೆ ಅಂದಿನದೇ ಸಿಗುತ್ತದೆ. ಜುಮ್ಮನಕಾಯಿ ಎಂಬ ಸಾಂಬಾರ ಕಾಯಿ ಹಾಕಿದ ಬಂಗಡೆಯ ಸಾರು, ಕುಚಲಕ್ಕಿ ಅನ್ನ, ಬಳಚಿನ ಸುಕ್ಕೆ, ಕೊನೆಗೆ ಮುರುಗಲಿನ (ಕೋಕಂ) ಕಡಿ, ಇದಕ್ಕಿಂತ ಹೆಚ್ಚು ಬೇಕೆನಿಸುವುದಿಲ್ಲ. ಸಸ್ಯಾಹಾರಿಗಳಿಗೆ ಗೋಕರ್ಣದ ದೇವಸ್ಥಾನದ ಸುತ್ತಮುತ್ತ ಊಟಕ್ಕೆ ಕೊರತೆಯಿಲ್ಲ.

ಮರಳುವಾಗ ಒಣಮೀನು ಕೊಳ್ಳುವುದಾದರೆ ಕುಮಟಾದ ಮೀನುಪೇಟೆ ಒಳ್ಳೆಯದು. ಬೆರಳಿನಿಂದ ಒತ್ತಿದರೆ ಮೆತ್ತಗಾಗದ, ಮುರಿದರೆ ಪಟ್ಟೆಂದು ಸದ್ದು ಮಾಡುವ ಮೀನನ್ನು ಆರಿಸಿಕೊಳ್ಳಿ. ಮೆತ್ತಗಿರುವುದು ಮನೆ ಮುಟ್ಟುವಷ್ಟರಲ್ಲಿ ಹುಳುವಾಗುತ್ತದೆ. ಮೊದಲು ಕಾಗದ, ಮೇಲೆ ಎರಡು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬಿಗಿ ಮುಚ್ಚಳದ ಡಬ್ಬಿ. ಇಷ್ಟು ಮಾಡಿದರೂ ಹುಬ್ಬಳ್ಳಿಯ ಬಸ್ಸಿನಲ್ಲಿ ಕಂಡಕ್ಟರ್ ಮೂಗು ಎಳೆಯುತ್ತಾ ಸಾಲಿನಿಂದ ಸಾಲಿಗೆ ಬಂದು ನಿಮ್ಮ ಚೀಲದ ಮುಂದೆಯೇ ನಿಲ್ಲುತ್ತಾರೆ; ಆಗ ಚೀಲವನ್ನು ಡಿಕ್ಕಿಯಲ್ಲಿ ಇಡುತ್ತೇನೆಂದು ಮೊದಲೇ ನೀವೇ ಹೇಳಿಬಿಡಿ.